ಎಲೆನ್ ಶಾರ್ಪಲ್ಸ್ ಎಂಬ ಚಿತ್ರಕಾರ್ತಿಯ ಪರವಾಗಿ

ನಿನ್ನೆ ರಾತ್ರಿ ಆನ್‌ಲೈನ್ ಉಪನ್ಯಾಸವೊಂದರಲ್ಲಿ, ಊರೂರು ಸುತ್ತಿ ಪ್ಯಾಸ್ಟೆಲ್ ಎಂಬ ಒಣ ಪುಡಿಬಣ್ಣದಲ್ಲಿ ಭಾವಚಿತ್ರಗಳನ್ನು ಬರೆದ ಜೇಮ್ಸ್ ಶಾರ್ಪಲ್ಸ್‌ನನ್ನು ಬಾಯ್ತುಂಬ ಹೊಗಳಿದ ಮಹನೀಯರೊಬ್ಬರು, ಆತನ ಹೆಂಡತಿ ಎಲೆನ್ ಬಗ್ಗೆ ಆಡಿದ್ದು ಒಂದೇ ಮಾತು: ಗಂಡನಿಗೆ ನೆರವಾಗುತ್ತಿದ್ದರಂತೆ! ನನ್ನ ಸಿಟ್ಟು ನಿಮಗೆಲ್ಲ ಗೊತ್ತಿರುವುದೇ. ಅದು ಇನ್ನೂ ಇಳಿದಿಲ್ಲ.

ಜೇಮ್ಸ್‌ನ ಕೈಚಳಕವನ್ನು ನಾನು ಅಲ್ಲಗಳೆಯುತ್ತಿಲ್ಲ. 1790ರ ದಶಕದಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಆತ, ತಾನೇ ರೂಪಿಸಿದ ಒಂಟಿ ಕುದುರೆಯ ದೊಡ್ಡ ಬಂಡಿಯಲ್ಲಿ ಹೆಂಡತಿ, ಮಕ್ಕಳು, ಬಣ್ಣದ ಸಾಮಾನುಗಳನ್ನೆಲ್ಲ ಹೇರಿಕೊಂಡು ಅಲೆದ. ಬಣ್ಣವನ್ನು ನುಣ್ಣಗೆ ಪುಡಿ ಮಾಡಿ, ದಪ್ಪನೆಯ ಬೂದು ಕಾಗದದ ಮೇಲೆ ಕುಂಚದಿಂದ ಹಚ್ಚಿ, ಸುಮಾರು ಎರಡು ಗಂಟೆಯಲ್ಲಿ ಚಿತ್ರ ಮುಗಿಸುತ್ತಿದ್ದ. ಪಕ್ಕದಿಂದ ಕಾಣುವ ಮುಖಕ್ಕೆ 15 ಡಾಲರ್, ಎದುರುಮುಖಕ್ಕೆ 20. 1796ರಲ್ಲಿ ಸಾಕ್ಷಾತ್ ಜಾರ್ಜ್ ವಾಷಿಂಗ್ಟನ್ನನನ್ನೇ ಎದುರಿಗೆ ಕೂರಿಸಿಕೊಂಡು ಬರೆದ.

ಆದರೆ ಆ ವಾಷಿಂಗ್ಟನ್ ಇನ್ನೊಬ್ಬರಿಗೂ ಬೇಕು, ಮತ್ತೊಬ್ಬರಿಗೂ ಬೇಕು ಎಂದಾಗ ಕೂತು ಬರೆದವರು ಯಾರು? ಎಲೆನ್. ಆ ಪ್ರತಿಗಳನ್ನು ಜನ ಮೂಲಕ್ಕೆ ಸಮನೆಂದು ಒಪ್ಪಿದರು, ಬೆಲೆಯನ್ನೂ ಅಷ್ಟೇ ಕೊಟ್ಟರು ಎಂದು ಆಕೆಯ ದಿನಚರಿಯೇ ಹೇಳುತ್ತದೆ. ಅಂದಿನ ಗಿರಾಕಿಗೆ ಇದ್ದ ನ್ಯಾಯಬುದ್ಧಿ ಇಂದಿನ ಉಪನ್ಯಾಸಕರಿಗೆ ಇಲ್ಲವೆಂದರೆ ಏನು ಹೇಳೋಣ?

ಕಲ್ಪನೆ ಗಂಡನದು, ಎಷ್ಟಾದರೂ ನಕಲು ನಕಲೇ ಎನ್ನುವವರಿದ್ದಾರೆ. ಹಾಗೆನ್ನುವವರು ಒಮ್ಮೆ ಪ್ಯಾಸ್ಟೆಲ್ ಮುಟ್ಟಿ ನೋಡಲಿ: ತೋಳಿನ ಅಂಚು ತಗುಲಿದರೂ ಕೆನ್ನೆಯ ಬಣ್ಣ ಕಿವಿಗೆ ಹೋಗುತ್ತದೆ. ಅಂಥ ಪುಡಿಯಲ್ಲಿ ಒಂದು ಮುಖವನ್ನು ಮತ್ತೆ ಮತ್ತೆ ಅದೇ ಮುಖವಾಗಿ ಉಳಿಸುವುದು ಹುಡುಗಾಟವಲ್ಲ. ಅಷ್ಟಕ್ಕೂ ಆ ಕುಟುಂಬದ ಎಷ್ಟೋ ಚಿತ್ರಗಳಲ್ಲಿ ಕೈ ಯಾರದೆಂದು ಬಲ್ಲವರೇ ತಡಕಾಡುತ್ತಾರೆ. ನಿಜ ಹೇಳಬೇಕೆಂದರೆ, ಜೇಮ್ಸ್‌ನ ಆ ಪಕ್ಕಮುಖಗಳು ನನಗೆ ಎಂದೂ ಅಷ್ಟಾಗಿ ಹಿಡಿಸಿಲ್ಲ. ಹಳೆಯ ನಾಣ್ಯದ ಮೇಲಿನ ರಾಜನಂತೆ ಎಲ್ಲರೂ ಬಿಗಿದುಕೊಂಡೇ ಇರುತ್ತಾರೆ.

ಆತ 1811ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ ಮೇಲೆ ಎಲೆನ್ ಇಂಗ್ಲೆಂಡಿಗೆ ಮರಳಿ ಬ್ರಿಸ್ಟಲ್‌ನಲ್ಲಿ ನೆಲೆಸಿದಳು. ಆಕೆಯ ಕೈಯಲ್ಲಿ ಪಳಗಿದ ಮಗಳು ರೋಲಿಂಡಾ ಒಳ್ಳೆಯ ಚಿತ್ರಕಾರ್ತಿಯೆನಿಸಿ, ತಾಯಿಗಿಂತ ಮೊದಲೇ, 1838ರಲ್ಲಿ, ಕಣ್ಮುಚ್ಚಿದಳು. 1844ರಲ್ಲಿ ಬ್ರಿಸ್ಟಲ್‌ನಲ್ಲೊಂದು ಕಲಾ ಅಕಾಡೆಮಿ ತಲೆಯೆತ್ತಲು 2,000 ಪೌಂಡ್ ಕೊಟ್ಟವಳು, ಉಪನ್ಯಾಸದಲ್ಲಿ ಅರ್ಧ ನಿಮಿಷವೂ ಸಿಗದ ಇದೇ ಎಲೆನ್. ಆ ಅಕಾಡೆಮಿ ಇಂದಿಗೂ ನಡೆಯುತ್ತಿದೆ.