ಹ್ವಾಂಗೆ ಕಾಡಿನ ಬೋರ್‌ವೆಲ್‌ಗಳು ಓಡುತ್ತಲೇ ಇರಬೇಕೇ?

ಪರ: ಪಂಪು ನಿಂತರೆ ಆನೆಗೆ ಬೇರೆ ನೀರಿಲ್ಲ

ಜಿಂಬಾಬ್ವೆಯ ಹ್ವಾಂಗೆ ರಾಷ್ಟ್ರೀಯ ಉದ್ಯಾನ 14,600 ಚದರ ಕಿ.ಮೀ.ಗೂ ದೊಡ್ಡದು. ಅಷ್ಟಗಲದ ಕಾಡಿನಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಬಹುಭಾಗ ಕಲಹರಿಯ ಮರಳು. ಮಳೆನೀರು ನಿಲ್ಲುವುದು ‘ಪ್ಯಾನ್’ ಎನ್ನುವ ತಗ್ಗು ಹೊಂಡಗಳಲ್ಲಿ ಮಾತ್ರ, ಒಣಗಾಲದ ಕೊನೆಗೆ ಬಹುಪಾಲು ಹೊಂಡಗಳ ತಳ ಬಿರಿದಿರುತ್ತದೆ. 1928ರಲ್ಲಿ ಇಲ್ಲಿನ ಮೊದಲ ವಾರ್ಡನ್ ಆದ ಟೆಡ್ ಡೇವಿಸನ್ ಬೋರ್‌ವೆಲ್‌ಗಳ ಮೊರೆಹೋದದ್ದು ಇದಕ್ಕೇ. ಬಂಡೀಪುರದಲ್ಲೂ ಬೇಸಿಗೆಯಲ್ಲಿ ಸೌರ ಪಂಪಿನಿಂದ ಕೆರೆ ತುಂಬಿಸುತ್ತಾರೆ, ನಿಜ. ಆದರೆ ಅಲ್ಲಿಯ ಆನೆಗೆ ಕಬಿನಿ ಹಿನ್ನೀರು ಉಂಟು. ಹ್ವಾಂಗೆಗೆ ಅಂಥ ಕಬಿನಿ ಇಲ್ಲ.

ಲೆಕ್ಕ ನೋಡಿ. ಒಂದು ಆನೆಗೆ ದಿನಕ್ಕೆ 100 ಲೀಟರ್ ಎಂದಿಟ್ಟುಕೊಂಡರೂ 400 ಆನೆಗೆ 40,000 ಲೀಟರ್. 50 ಮೀಟರ್ ಅಡ್ಡಗಲದ ಹೊಂಡದಿಂದ ದಿನಕ್ಕೆ 6 ಮಿ.ಮೀ. ಆವಿಯಾದರೆ ಇನ್ನೂ ಸುಮಾರು 12,000 ಲೀಟರ್ ಹೋಯಿತು. ಸೆಕೆಂಡಿಗೆ 2 ಲೀಟರ್ ಎತ್ತುವ ಸೌರ ಪಂಪು ಎಂಟು ಗಂಟೆ ಓಡಿದರೆ ಕೊಡುವುದು 57,600 ಲೀಟರ್. ಉಳಿಯುವುದು ಸುಮಾರು 5,600 ಲೀಟರ್ ಅಷ್ಟೇ, ಮರಳಿಗೆ ಇಂಗುವುದನ್ನು ಇದರಲ್ಲಿ ಸೇರಿಸಿಯೇ ಇಲ್ಲ. ಒಂದು ಪಂಪು ಕೆಲವು ದಿನ ಕೆಟ್ಟರೆ ಹೊಂಡ ಕೆಸರಾಗುತ್ತದೆ, ಸೊರಗಿದ ಆನೆ ಅದರಲ್ಲಿ ಹೂತುಕೊಂಡು ಏಳಲಾರದೆ ಸಾಯುತ್ತದೆ.

ಆನೆಗಳ ದೊಡ್ಡ ಹಿಂಡು ಬರುವುದು ಸಂಜೆ, ರಾತ್ರಿ. ಸೌರ ಪಂಪು ಆಗ ಮಲಗಿರುತ್ತದೆ, ಹಾಗಾಗಿ ದೊಡ್ಡ ಹೊಂಡಗಳಿಗೆ ಡೀಸೆಲ್ ಜೊತೆಗಿರಲೇಬೇಕು. ಆನೆಗೆ ಕೆಸರಿಗಿಂತ ಪೈಪಿನ ಬಾಯಿಯ ತಿಳಿನೀರೇ ಇಷ್ಟ, ಸೊಂಡಿಲು ಹಾಕಿ ಪೈಪನ್ನೇ ಕಿತ್ತುಬಿಡುತ್ತದೆ. ಪೈಪನ್ನು ಆಳಕ್ಕೆ ಹೂತು ಬಾಯಿಗೆ ಕಾಂಕ್ರೀಟ್ ಕಟ್ಟಬೇಕು. ಪ್ಯಾನಲ್‌ಗಳ ಸುತ್ತ ಚೂಪುಗಲ್ಲು ಹರವಿದರೆ ಆನೆ ಅಂಗಾಲಿಡಲು ಹಿಂಜರಿಯುತ್ತದೆ. ಕೈಬಿಡುವ ಮಾತಿಗಿಂತ ಮೊದಲು ಇವಿಷ್ಟು ಸರಿಯಾಗಲಿ. ನೀರು ಹುಡುಕಿ ಹೊರಟ ಆನೆಗೆ ಕಾಡಿನಂಚಿನಲ್ಲಿ ಸಿಗುವುದು ಜನರ ಜೋಳದ ಹೊಲ.

ವಿರೋಧ: ನೀರಿದೆ, ಮೇವಿಲ್ಲ

2019ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹ್ವಾಂಗೆಯಲ್ಲಿ ಕನಿಷ್ಠ 55 ಆನೆಗಳು ಸತ್ತವು. ಪಂಪುಗಳು ಆಗಲೂ ಇದ್ದವು. ಬರದಲ್ಲಿ ಆನೆಯನ್ನು ಹೆಚ್ಚಾಗಿ ಕೊಲ್ಲುವುದು ಬಾಯಾರಿಕೆಯಲ್ಲ, ಹಸಿವು. ಮರಿಯಿರುವ ಹಿಂಡು ನೀರು ಬಿಟ್ಟು ಬಹುದೂರ ಹೋಗಲಾರದು. ಹೊಂಡದ ಸುತ್ತಲಿನ ಹುಲ್ಲು, ಕೊಂಬೆ, ಕೊನೆಗೆ ತೊಗಟೆಯೂ ಮುಗಿದ ಮೇಲೆ ದಿನವೂ ಮೇವಿಗೂ ನೀರಿಗೂ ನಡುವೆ ನಡೆದೇ ಸೊರಗುತ್ತದೆ. ಮೊದಲು ಬೀಳುವುದು ಮರಿ. ಬೋರ್‌ವೆಲ್ ಹೆಚ್ಚಿದಷ್ಟೂ ಈ ಬೋಳು ವೃತ್ತಗಳು ಒಂದಕ್ಕೊಂದು ತಾಗುತ್ತವೆ, ಬರಗಾಲಕ್ಕೆಂದು ಉಳಿದಿದ್ದ ದೂರದ ಹುಲ್ಲು ಮಳೆ ಸರಿಯಿದ್ದ ವರ್ಷದಲ್ಲೇ ಖಾಲಿಯಾಗುತ್ತದೆ.

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನ ಇದನ್ನು ಕಂಡು ಕಲಿತಿದೆ. ಅದರ ಉತ್ತರದ ಒಣ ಬಯಲಿನಲ್ಲಿ ನೀರು ಕೊಟ್ಟರು. ನೀರಿನ ಹಿಂದೆ ಝೀಬ್ರಾ, ಅದರ ಹಿಂದೆ ಸಿಂಹ. ಎತ್ತರದ ಹುಲ್ಲಿನಲ್ಲಿ ವಿರಳವಾಗಿ ಬದುಕುತ್ತಿದ್ದ ರೋನ್ ಹುಲ್ಲೆಗಳು 1986ರಲ್ಲಿ ಸುಮಾರು 450 ಇದ್ದವು, 1993ಕ್ಕೆ ಸುಮಾರು 45ಕ್ಕಿಳಿದವು. 1990ರ ದಶಕದಿಂದ ಅಲ್ಲಿನ ಬೋರ್‌ವೆಲ್‌ಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದರು. ಹ್ವಾಂಗೆಯಲ್ಲೂ ರೋನ್ ಇದೆ, ಸೇಬಲ್ ಹುಲ್ಲೆಯೂ ಇದೆ. ಆನೆಯ ಹೆಸರಿನಲ್ಲಿ ಇವನ್ನು ಕಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ನಾಳೆಯೇ ಸ್ವಿಚ್ ಆರಿಸಿ ಎಂದು ಯಾರೂ ಹೇಳುತ್ತಿಲ್ಲ. ಅಲ್ಲಿನ ಒಣಗಾಲದ ಕೊನೆಯಾದ ಅಕ್ಟೋಬರ್‌ನಲ್ಲಿ ಪಂಪು ನಿಲ್ಲಿಸುವುದು ಕೊಲೆ. ಮಳೆ ಚೆನ್ನಾಗಿ ಬಿದ್ದ ವರ್ಷ ನೋಡಿ, ಪ್ಯಾನ್‌ಗಳು ತುಂಬಿರುವಾಗಲೇ, ಒತ್ತೊತ್ತಾಗಿರುವ ಗುಂಪಿನಿಂದ ಒಂದನ್ನು ನಿಲ್ಲಿಸಬೇಕು. ಮುಂದಿನ ಒಣಗಾಲದಲ್ಲಿ ಹಿಂಡು ಎತ್ತ ತಿರುಗಿತು ಎಂದು ಗಮನಿಸಿದ ಮೇಲೆಯೇ ಎರಡನೆಯದು. ಹೊಲದ ಅಂಚಿನವುಗಳನ್ನು ಕೊನೆಗೆ ಮುಟ್ಟಬೇಕು. ಪಕ್ಕದ ಬೋಟ್ಸ್ವಾನದತ್ತ ದಾರಿ ತೆರೆದಿಡುವುದೂ ಸೇರಿದಂತೆ, ಗಡಿಯಾಚೆಗೂ ಹಬ್ಬಿದ ಕಾಡುಗಳನ್ನು ಒಟ್ಟಾಗಿ ಕಾಯಲು 2011ರಲ್ಲಿ ಐದು ದೇಶಗಳು ಕಾಜಾ ಒಪ್ಪಂದಕ್ಕೆ ಸಹಿ ಹಾಕಿದವು. ಕಾಲ ಬುಡದಲ್ಲೇ ವರ್ಷವಿಡೀ ನೀರಿರುವ ತನಕ ಆನೆ ಆ ದಾರಿ ಹಿಡಿಯುವುದಿಲ್ಲ.