ಆಕಾಶ ನೋಡದೆ ಡಿಶ್ ಕೂರಿಸಿ ಹೋದರು

ಮೂರು ವಾರದಿಂದ ಈ ಸಿಟ್ಟು ನುಂಗಿಕೊಂಡು ಕೂತಿದ್ದೇನೆ. ಇವತ್ತು ಬರೆದೇ ಬಿಡುತ್ತೇನೆ. ಮನೆಗೆ ಸ್ಯಾಟಲೈಟ್ ಇಂಟರ್‌ನೆಟ್ ಡಿಶ್ ಹಾಕಿಸಲು ಕೆಲಸ ಗೊತ್ತಿರುವವರೇ ಬೇಕು ಅಂತ ಕರೆಸಿದೆ. ಕೇಳಿದಷ್ಟು ದುಡ್ಡು ಕೊಟ್ಟೆ. ಕೊನೆಗೆ ಚಾವಣಿ ಹತ್ತಿ ಸರಿ ಮಾಡಿದ್ದು ನಾನೇ.

"ನೀವೇ ಹಾಕಿಕೊಳ್ಳಬಹುದಿತ್ತಲ್ವಾ?" ಅಂತ ಈಗ ಎಲ್ಲರೂ ಕೇಳುತ್ತಾರೆ. ನನಗೆ ಎತ್ತರ ಅಂದರೆ ಭಯ. ನಮ್ಮದು ಇಳಿಜಾರು ಚಾವಣಿ, ಕಾಲು ಜಾರಿದರೆ ಜೀವಕ್ಕೇ ಕುತ್ತು. ಅದು ಒಂದು ಕಾರಣ. ಇನ್ನೊಂದು, ನಮ್ಮ ಹಳೆಯ ಡಿಶ್ ಹಾಕಿದವರ ಕೆಲಸವನ್ನು ನಾನು ಕಣ್ಣಾರೆ ನೋಡಿದ್ದೆ. ಆ ಡಿಶ್ ನೋಡಬೇಕಿದ್ದದ್ದು 35,786 ಕಿಲೋಮೀಟರ್ ಮೇಲೆ, ಒಂದೇ ಜಾಗದಲ್ಲಿ ನಿಂತಂತೆ ಕಾಣುವ ಉಪಗ್ರಹವನ್ನು. ಯಾವ ದಿಕ್ಕಿಗೆ, ಎಷ್ಟು ಮೇಲಕ್ಕೆ, ಎಷ್ಟು ಓರೆಗೆ, ಮೂರೂ ಸರಿ ಕೂರಬೇಕು. ಅರ್ಧ ಡಿಗ್ರಿ ಆಚೀಚೆ ಆದರೂ ಸಿಗ್ನಲ್ ಬಿದ್ದುಹೋಗುತ್ತದೆ. ಆ ಡಿಶ್ ಮೇಲಕ್ಕೂ ಸಿಗ್ನಲ್ ಕಳಿಸುತ್ತದಾದ್ದರಿಂದ, ಕೋನ ತಪ್ಪಿದರೆ ಪಕ್ಕದ ಉಪಗ್ರಹ ಬಳಸುವವರಿಗೂ ತೊಂದರೆ. ಆ ಮನುಷ್ಯ ಮೊದಲು ಕಂಬಕ್ಕೆ ರಸಮಟ್ಟ ಹಿಡಿದು ನೆಟ್ಟಗಿದೆಯಾ ನೋಡಿದರು. ಆಮೇಲೆ ಸಿಗ್ನಲ್ ಅಳೆಯುವ ಮೀಟರ್ ಮೇಲೆ ಕಣ್ಣಿಟ್ಟು ನಟ್ಟನ್ನು ಕೂದಲೆಳೆಯಷ್ಟು ತಿರುಗಿಸುವುದು, ನಿಲ್ಲುವುದು, ಮತ್ತೆ ತಿರುಗಿಸುವುದು. ಅರ್ಧ ದಿನ ಹಿಡಿಯಿತು. ವರ್ಷಗಟ್ಟಲೆ ಆ ಡಿಶ್ ಅಲುಗಲಿಲ್ಲ. ಕೆಲಸ ಅಂದರೆ ಅದು.

ಅದೇ ನಂಬಿಕೆಯಲ್ಲಿ ಈ ಸಲವೂ ಕರೆಸಿದೆ. ಇದು ಹೊಸ ಬಗೆಯ ಡಿಶ್. ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲೇ ಓಡುತ್ತವೆ. ಹಳೆಯದರಲ್ಲಿ ಮಾತಾಡಿದರೆ ಆ ಕಡೆಯವರಿಗೆ ತಡವಾಗಿ ಕೇಳಿಸುತ್ತಿತ್ತು, ಇದರಲ್ಲಿ ಆ ಗೋಳು ಇಲ್ಲ ಅಂತಲೇ ತೆಗೆದುಕೊಂಡಿದ್ದು.

ಬಂದವರು ಏಣಿ ಎಲ್ಲಿ ಸುಲಭವಾಗಿ ನಿಲ್ಲುತ್ತದೋ ಅಲ್ಲಿ ನಿಲ್ಲಿಸಿದರು. ಏಣಿಯ ತುದಿಯಿಂದ ಕೈಗೆಟುಕುವ ಜಾಗದಲ್ಲೇ ಡಿಶ್ ಕೂರಿಸಿದರು. ಪಕ್ಕದಲ್ಲೇ ದೊಡ್ಡ ಮರ. "ಮರ ಅಡ್ಡ ಬರಲ್ವಾ?" ಅಂತ ಕೇಳಿದೆ. "ಇದು ಉಪಗ್ರಹವನ್ನ ತಾನೇ ಹುಡುಕಿಕೊಳ್ಳುತ್ತೆ ಸರ್, ನೀವು ಚಿಂತೆ ಮಾಡಬೇಡಿ" ಅಂದರು. ತಲೆ ಎತ್ತಿ ಒಂದು ಸಲವೂ ಆಕಾಶ ನೋಡಲಿಲ್ಲ. ಇಪ್ಪತ್ತು ನಿಮಿಷಕ್ಕೆ ಕೆಲಸ ಮುಗಿಯಿತು, ಸಹಿ ಹಾಕಿಸಿಕೊಂಡು ಹೊರಟರು.

ತಾನೇ ಹುಡುಕಿಕೊಳ್ಳುತ್ತದೆ, ಒಪ್ಪಿದೆ. ಆದರೆ ಕೊಂಬೆಯ ಆಚೆಗೆ ಹೋದ ಉಪಗ್ರಹ ಅದಕ್ಕೆ ಹೇಗೆ ಕಾಣಬೇಕು? ಇವು ಗಂಟೆಗೆ ಸುಮಾರು 27,000 ಕಿಲೋಮೀಟರ್ ವೇಗದಲ್ಲಿ ಓಡುವ ಉಪಗ್ರಹಗಳು. ಒಂದು ದಾಟಿಹೋದರೆ ಡಿಶ್ ಇನ್ನೊಂದನ್ನು ಹಿಡಿಯಬೇಕು. ಅದಕ್ಕೇ ಆಕಾಶದ ಒಂದು ಮೂಲೆ ಸಾಲದು, ಅಗಲವಾಗಿ ತೆರೆದ ಆಕಾಶ ಬೇಕು. ಹಿಡಿದಿದ್ದ ಉಪಗ್ರಹ ಕೊಂಬೆಯ ಹಿಂದೆ ಹೋದಾಗಲೆಲ್ಲ ನೆಟ್ ಕೆಲವು ಸೆಕೆಂಡ್ ಸತ್ತುಹೋಗುತ್ತಿತ್ತು. ಸಿನಿಮಾ ನೋಡುವಾಗ ಇದು ಗೊತ್ತೇ ಆಗಲ್ಲ. ಆಫೀಸಿನ ವಿಡಿಯೋ ಕಾಲ್‌ನಲ್ಲಿ ಗೊತ್ತಾಗುತ್ತದೆ. ಮಾತಿನ ನಡುವೆ ಎದುರಿನವರ ಮುಖ ನಿಂತುಹೋಗುತ್ತದೆ, ಮತ್ತೆ ಬರುವಷ್ಟರಲ್ಲಿ ಅವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ. ದಿನಕ್ಕೆ ಎಷ್ಟು ಸಲ "ಕ್ಷಮಿಸಿ, ಇನ್ನೊಮ್ಮೆ ಹೇಳಿ" ಅಂದಿದ್ದೇನೋ ಲೆಕ್ಕವೇ ಇಲ್ಲ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ರೂಟರ್ ಆಫ್ ಮಾಡಿ ಆನ್ ಮಾಡಿ". ಮಾಡಿದೆ. ಮರುದಿನ ಮತ್ತೆ ಅದೇ ಮಾತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಮರ ಅಡ್ಡ ಇದೆ, ಡಿಶ್ ಜಾಗ ಬದಲಿಸಿ ಅಂತ ನಾನೇ ಬಿಡಿಸಿ ಹೇಳಿದರೂ ಕೇಳುವವರಿಲ್ಲ.

ಆಮೇಲೆ ಮಳೆ ಬಂತು. ಬೆಳಗ್ಗೆ ಎದ್ದು ನೋಡಿದರೆ ರೂಟರ್ ಹಿಂದಿನ ಗೋಡೆಯ ಮೇಲೆ ಅಂಗೈ ಅಗಲದ ಒದ್ದೆ ಕಲೆ. ಕೇಬಲ್ ಒಳಗೆ ಬರುವ ತೂತಿನ ಬಾಯಲ್ಲಿ ಒಂದು ಹನಿ ತೂಗಾಡುತ್ತಿತ್ತು. ನೋಡ ನೋಡುತ್ತಲೇ ಅದು ಕೇಬಲ್ ಹಿಡಿದು ಜಾರಿ ಪ್ಲಗ್ ಕಡೆಗೆ ಹೊರಟಿತು. ಓಡಿಹೋಗಿ ಮೇನ್ ಆಫ್ ಮಾಡಿದೆ. ಹೊರಗೆ ಹೋಗಿ ನೋಡಿದೆ. ಕೇಬಲ್ ಚಾವಣಿಯಿಂದ ನೇರವಾಗಿ ಇಳಿದು ತೂತಿನೊಳಗೆ ಹೋಗಿದೆ. ಒಳಗೆ ಹೋಗುವ ಮೊದಲು ಅದನ್ನು ತೂತಿಗಿಂತ ಕೆಳಕ್ಕೆ ಇಳಿಸಿ ಮತ್ತೆ ಮೇಲಕ್ಕೆ ತರಬೇಕು, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗಲಿ ಅಂತ. ತೂತನ್ನು ಹೊರಗಡೆಗೆ ಸ್ವಲ್ಪ ಇಳಿಜಾರಾಗಿ ಕೊರೆಯಬೇಕು. ಸುತ್ತ ಸಿಲಿಕೋನ್ ಮೆತ್ತಬೇಕು. ಮೂರರಲ್ಲಿ ಒಂದೂ ಮಾಡಿರಲಿಲ್ಲ. ಹತ್ತೇ ನಿಮಿಷದ ಕೆಲಸ ಸ್ವಾಮಿ! ಅಷ್ಟು ದುಡ್ಡು ಕೊಟ್ಟದ್ದು ಇಷ್ಟು ಗೊತ್ತಿರುವವರು ಬರಲಿ ಅಂತಲೇ ಅಲ್ವಾ?

ಕಾದು ಸಾಕಾಯಿತು. ಮೊಬೈಲಿನಲ್ಲಿ ಈ ಡಿಶ್‌ನ ಆ್ಯಪ್ ತೆರೆದು, ಕ್ಯಾಮೆರಾವನ್ನು ಆಕಾಶಕ್ಕೆ ಹಿಡಿದು ಮನೆ ಸುತ್ತ ತಿರುಗಿದೆ. ಎಲ್ಲಿ ಅಡ್ಡ ಇದೆ, ಎಲ್ಲಿ ಇಲ್ಲ ಅಂತ ಅದೇ ತೋರಿಸುತ್ತದೆ. ಚಾವಣಿಯ ಇನ್ನೊಂದು ತುದಿಯಲ್ಲಿ ಆಕಾಶ ಪೂರ್ತಿ ತೆರೆದಿತ್ತು. ಹನ್ನೆರಡೇ ಹೆಜ್ಜೆ ದೂರ. ಭಾನುವಾರ ಭಾವ ಬಂದು ಏಣಿ ಹಿಡಿದುಕೊಂಡರು. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಏಣಿಯ ಬುಡ ಗೋಡೆಯಿಂದ ದೂರ ಇಟ್ಟು, ತುದಿ ಚಾವಣಿಯ ಅಂಚಿಗಿಂತ ಮೂರು ಅಡಿ ಮೇಲಿರುವಂತೆ ನಿಲ್ಲಿಸಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹತ್ತಿದೆ. ಕೈ ನಡುಗುತ್ತಿತ್ತು. ಬೋಲ್ಟನ್ನು ಹೊದಿಕೆಗೆ ಮಾತ್ರ ಹಾಕಿದರೆ ಗಾಳಿಗೆ ಕಿತ್ತು ಬರುತ್ತದೆ ಅಂತ ಗೊತ್ತಿತ್ತು. ಕೆಳಗಿನ ಮರದ ತೊಲೆ ಹುಡುಕಿ ಅದಕ್ಕೇ ಬಿಗಿದೆ. ಹಳೆಯ ಬೋಲ್ಟ್ ತೂತುಗಳನ್ನೂ ಮುಚ್ಚಿದೆ. ಅಂದಿನಿಂದ ಒಂದು ಕಾಲ್ ಕೂಡ ಕಟ್ ಆಗಿಲ್ಲ.

ಎತ್ತರದ ಕೆಲಸಕ್ಕೆ ಗೊತ್ತಿರುವವರನ್ನೇ ಕರೆಯಬೇಕು ಅಂತ ನಾನು ಈಗಲೂ ಹೇಳುತ್ತೇನೆ. ಹಳೆಯ ಬಗೆಯ ಡಿಶ್ ಆದರೆ ಮೀಟರ್ ಇಲ್ಲದವರು ಮುಟ್ಟಲೇಬಾರದು. ಆದರೆ ಏಣಿ ತಂದವರೆಲ್ಲ ಕೆಲಸ ಬಲ್ಲವರಲ್ಲ. ಅಂಥವರನ್ನು ಕಳಿಸಿ ಪರಿಣತರು ಅಂತ ದುಡ್ಡು ತೆಗೆದುಕೊಳ್ಳುವುದು ಮೋಸ.

ಗೋಡೆ ರಿಪೇರಿ ಮಾಡಿಕೊಡಿ, ಕೂರಿಸಿದ ಕೂಲಿ ವಾಪಸ್ ಕೊಡಿ ಅಂತ ಬರೆದಿದ್ದೆ. ನಿನ್ನೆ ಉತ್ತರ ಬಂತು. ನಾನೇ ಡಿಶ್ ಬಿಚ್ಚಿ ಬೇರೆ ಕಡೆ ಹಾಕಿದ್ದರಿಂದ ಇನ್ನು ಅವರ ಜವಾಬ್ದಾರಿ ಇಲ್ಲವಂತೆ. ಆ ತೂತು ನಾನು ಕೊರೆದದ್ದಲ್ಲ. ಗೋಡೆ ಒದ್ದೆಯಾದದ್ದು ನಾನು ಡಿಶ್ ಮುಟ್ಟುವ ಐದು ದಿನ ಮೊದಲು. ಅವತ್ತೇ ಫೋಟೋ ತೆಗೆದು ಕಳಿಸಿದ್ದೇನೆ, ತಾರೀಖು ಅದರಲ್ಲೇ ಇದೆ. ಇವತ್ತು ಮತ್ತೆ ಕಳಿಸಿದ್ದೇನೆ. ದುಡ್ಡು ವಾಪಸ್ ಬರುವವರೆಗೆ ದಿನಾ ಕಳಿಸುತ್ತೇನೆ.