ಸತ್ಯಾಂಶ: ಯೆರಿಕೋದಲ್ಲಿ ಕುರುಡರು ಒಬ್ಬರೋ, ಇಬ್ಬರೋ?

"ಯೇಸು ವಾಸಿ ಮಾಡಿದ್ದು ಮಾರ್ಕನ ಪ್ರಕಾರ ಒಬ್ಬ ಕುರುಡನನ್ನು, ಮತ್ತಾಯನ ಪ್ರಕಾರ ಇಬ್ಬರನ್ನು. ಹಾಗಾದರೆ ಒಬ್ಬರು ಬರೆದದ್ದು ಸುಳ್ಳು" ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಆತುರದ ತೀರ್ಮಾನ. ಮಾರ್ಕ, ಮತ್ತಾಯ, ಲೂಕ ಅಂದರೆ ಬೈಬಲ್‌ನಲ್ಲಿ ಯೇಸುವಿನ ಕಥೆ ಹೇಳುವ ಪುಸ್ತಕಗಳು; ಈ ಘಟನೆ ನಡೆದದ್ದು ಯೆರಿಕೋ ಎಂಬ ಊರಿನ ಬಳಿ.

ಮಾರ್ಕ 10ನೇ ಅಧ್ಯಾಯ ತೆಗೆದು ನೋಡಿ. ಅಲ್ಲಿ ಆ ಕುರುಡ ಭಿಕ್ಷುಕನಿಗೆ ಹೆಸರೂ ಇದೆ: ತಿಮಾಯನ ಮಗ ಬಾರ್ತಿಮಾಯ. ಯೇಸು ಕರೆದದ್ದೇ ತಡ, ಹೊದ್ದಿದ್ದ ಬಟ್ಟೆ ಬಿಸಾಡಿ ಎದ್ದು ಬಂದ. ಮಾರ್ಕನ ಗಮನವೆಲ್ಲ ಅವನ ಮೇಲೆಯೇ. ಆದರೆ 'ಒಬ್ಬನೇ ಇದ್ದ' ಅಂತ ಎಲ್ಲೂ ಬರೆದಿಲ್ಲ. ಮತ್ತಾಯ 20ರಲ್ಲಿ ಹೆಸರಿಲ್ಲ, ಲೆಕ್ಕ ಇದೆ. ಮದುವೆಗೆ ಮಾವ ಬಂದಿದ್ದರು ಅಂದರೆ ಅತ್ತೆ ಬರಲಿಲ್ಲ ಅಂತ ಅರ್ಥ ಅಲ್ಲ, ಅಲ್ವಾ?

ಲೂಕ 18 ಮಾತ್ರ ಸ್ವಲ್ಪ ಬಿಗಿಯಾದ ಗಂಟು. ಅಲ್ಲಿ ಇದು ನಡೆದದ್ದು ಊರು ಸೇರುವಾಗ, ಉಳಿದೆರಡರಲ್ಲಿ ಊರು ಬಿಡುವಾಗ. ಹಳೇ ಯೆರಿಕೋ ಹತ್ತಿರವೇ ಹೆರೋದ ರಾಜನ ಕಾಲದ ಹೊಸ ಯೆರಿಕೋ ಇತ್ತು, ಒಂದನ್ನು ಬಿಟ್ಟು ಇನ್ನೊಂದನ್ನು ಸೇರುವಾಗ, ಎರಡರ ನಡುವೆ ನಡೆದಿರಬಹುದು ಅಂತ ಕೆಲವರು ವಿವರಿಸುತ್ತಾರೆ. ಅದು ಊಹೆ, ಸಾಬೀತಾದದ್ದಲ್ಲ.